ಮಾಳಿಗೆ ಏರಿದ ಹುಲ್ಲುಗಾವಲು

ನನ್ನ ಗಂಡ ನನಗಿಂತ ಮೊದಲು ಒಂದು ಕುದುರೆಯ ಜೊತೆ ಸಂಸಾರ ಮಾಡಿದವರು. ತಮಾಷೆಗೆ ಹೇಳುತ್ತಿಲ್ಲ. ನಮ್ಮ ಮದುವೆಯಾದಾಗ ಅವರು ಲಕ್ಷ್ಮೇಶ್ವರದ ಕಡೆ ಸಂಸ್ಥಾನದವರ ಕುದುರೆ ಲಾಯದಲ್ಲಿ ಹುಲ್ಲಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಅಮಾವಾಸ್ಯೆಗೋ ಹುಣ್ಣಿಮೆಗೋ ಊರಿಗೆ ಬಂದರೆ ಅಂಗಿಯ ತುಂಬ ಕುದುರೆಯ ವಾಸನೆ, ಬಾಯಿ ತುಂಬ ಕುದುರೆಯ ಸುದ್ದಿ. ಹೊಸ ಹೆಂಡತಿಯ ಮುಂದೆ ಗಂಡ ಮೊದಲ ಸಲ ಮನಸ್ಸು ಬಿಚ್ಚಿ ಮಾತಾಡಿದ್ದು ಲದ್ದಿಯ ಬಣ್ಣ ನೋಡಿ ಕುದುರೆಯ ಆರೋಗ್ಯ ತಿಳಿಯುವುದು ಹೇಗೆ ಎಂಬುದರ ಬಗ್ಗೆ ಅಂದರೆ ಯಾರೂ ನಂಬುವುದಿಲ್ಲ. ನಾನು ನಂಬುತ್ತೇನೆ, ಏಕೆಂದರೆ ಕೂತು ಕೇಳಿದವಳು ನಾನೇ.

ಆಮೇಲೆ ಸ್ವಾತಂತ್ರ್ಯ ಬಂತು. ಸಂಸ್ಥಾನ ವಿಲೀನವಾಗಿ ನಾವು ಮುಂಬಯಿ ಪ್ರಾಂತ್ಯದವರಾದೆವು. ಕೆಲವು ವರ್ಷಕ್ಕೆ ಏಕೀಕರಣವಾಗಿ ಮೈಸೂರು ರಾಜ್ಯದವರಾದೆವು. ಇಷ್ಟೆಲ್ಲ ರಾಜ್ಯ ಬದಲಾಗುವಾಗ ನಾನು ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ನಡುವಿನ ಅದೇ ಊರಿನಲ್ಲಿ, ಅದೇ ಒಲೆಯ ಮುಂದೆ ಕೂತು ಅದೇ ರೊಟ್ಟಿ ಬಡಿಯುತ್ತಿದ್ದೆ. ನಮ್ಮ ಮನೆಯ ಮಟ್ಟಿಗೆ ವಿಲೀನದಿಂದ ಆದದ್ದು ಒಂದೇ: ಲಾಯ ಮುಚ್ಚಿತು. ಹರೆಯದ ಕುದುರೆಗಳನ್ನೆಲ್ಲ ಯಾರು ಯಾರೋ ಹೊಡೆದುಕೊಂಡು ಹೋದರು. ಯಾರಿಗೂ ಬೇಡವಾದ ಮುದಿ ಕುದುರೆಯೊಂದು ಉಳಿಯಿತು, ಅದನ್ನು ಬಿಟ್ಟು ಬರಲಾರದ ನನ್ನ ಗಂಡ ಉಳಿದರು.

ಒಂದು ಸಂಜೆ ನಾನು ಹಿಟ್ಟು ನಾದುತ್ತಿದ್ದೆ. ಬಾಗಿಲಲ್ಲಿ ಗಂಡನ ದನಿ ಕೇಳಿತು. ಎಂದೂ ಇಲ್ಲದ ಮರ್ಯಾದೆಯ ದನಿ.

"ಬರ್ರಿ ಬಾಯಿಸಾಹೇಬ್ರ. ತಲಿ ಬಗ್ಗಿಸಿ ಬರ್ರಿ, ನಮ್ಮ ಬಾಗಲಾ ಸಣ್ಣದೈತಿ."

ಯಾರೋ ದೊಡ್ಡ ಮನೆತನದ ಹೆಣ್ಣುಮಗಳು ಬಂದಳು ಅಂದುಕೊಂಡು ಗಡಬಡಿಸಿ ಕೈ ತೊಳೆದೆ. ತಲೆ ತುಂಬ ಸೆರಗು ಹೊದ್ದೆ. ಕಾಲು ತೊಳೆಯಲು ತಂಬಿಗೆಯಲ್ಲಿ ನೀರು ಹಿಡಿದು ಹೊರಗೆ ಹೋದೆ. ಬಾಗಿಲ ಚೌಕಟ್ಟಿನಲ್ಲಿ ಉದ್ದನೆಯ ಬಿಳಿ ಮುಖವೊಂದು ನಿಂತು ನನ್ನ ತಂಬಿಗೆಯನ್ನು ನೋಡುತ್ತಿತ್ತು. ನಾನು ಏನಾದರೂ ಹೇಳುವ ಮೊದಲೇ ಅದು ತಂಬಿಗೆಯೊಳಗೆ ಮೂತಿ ಇಟ್ಟು ನೀರು ಕುಡಿಯಿತು.

"ಥೂ!" ಅಂದೆ.

"ಹಂಗ ಅನಬ್ಯಾಡ, ಅವರಿಗೆ ಬ್ಯಾಸರಾಕ್ಕೈತಿ," ಅಂದರು ಗಂಡ. ಒಂದು ಕಾಲಕ್ಕೆ ಸಂಸ್ಥಾನದ ಮನೆಯ ಹೆಣ್ಣುಮಗಳೊಬ್ಬಳು ಹತ್ತುತ್ತಿದ್ದ ಕುದುರೆಯಂತೆ ಅದು. ಹಾಗಾಗಿ ಲಾಯದವರೆಲ್ಲ ಅದನ್ನು ಬಾಯಿಸಾಹೇಬರೆಂದೇ ಕರೆದು, ಬಹುವಚನದಲ್ಲೇ ಮಾತಾಡಿಸಿ ರೂಢಿ. ಕುದುರೆಗೆ 'ಬರ್ರಿ, ಕುಂಡ್ರಿ' ಅನ್ನುವ ಅದೇ ಬಾಯಿ ನನ್ನ ಕಡೆ ತಿರುಗಿದರೆ, "ಏ ಇಕಿನ, ಬುಟ್ಟಿ ತಾ." ಒಬ್ಬ ಸವತಿ ಬಂದಿದ್ದರೂ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ನನ್ನ ಅತ್ತೆ ಪಡಸಾಲೆಯಿಂದ ಎದ್ದು ಬಂದು ಕುದುರೆಯ ಸುತ್ತ ಒಂದು ಸಲ ತಿರುಗಿದರು. ಅತ್ತೆ ಅಂದರೆ ಒಕ್ಕಲುತನದ ಅವತಾರ. ಮಾವ ತೀರಿಕೊಂಡ ಮೇಲೆ ಹೊಲಮನೆ ಎರಡನ್ನೂ ಒಬ್ಬರೇ ಎಳೆದವರು. ಅವರ ಲೆಕ್ಕದಲ್ಲಿ ಜಗತ್ತಿನಲ್ಲಿ ಎರಡೇ ಜಾತಿಯ ಗಿಡ: ಜೋಳ ಮತ್ತು ಕಸ. ದಾರಿಯಲ್ಲಿ ನಡೆಯುವಾಗ ಕಂಡವರ ಹೊಲದ ಕಸವನ್ನೂ ಬಗ್ಗಿ ಕಿತ್ತು, ಬೇರಿನ ಮಣ್ಣನ್ನು ಮಣಿಕಟ್ಟಿಗೆ ಬಡಿದು ಉದುರಿಸಿ, ಮುಂದೆ ಹೋಗುತ್ತಿದ್ದರು. ಅಂತೂರ ಬೆಂತೂರದಲ್ಲಿ ಒಂದು ಮದುವೆಗೆ ಹೋದಾಗ ಅಕ್ಷತೆ ಬೀಳುವ ಹೊತ್ತಿಗೆ ಚಪ್ಪರದ ಕೆಳಗೆ ಕೂತು ಹುಲ್ಲು ಕೀಳುತ್ತಿದ್ದುದನ್ನು ನಾನೇ ಕಂಡಿದ್ದೇನೆ.

"ರಂಟಿ ಎಳಿತೈತೇನ?" ಅಂದರು ಅತ್ತೆ.

"ಇಲ್ಲ ಯವ್ವಾ."

"ಹಾಲ ಹಿಂಡತೈತೇನ?"

"ಯವ್ವಾ!"

"ತತ್ತಿ ಇಡತೈತೇನ? ಮತ್ತೇನ ಮಾಡತೈತಿ ಇದು?"

"ನಡಿತಾರ. ಅವರ ನಡಗಿ ಹೆಂಗೈತಿ ಅಂತ ನೀ ಒಮ್ಮೆ ನೋಡಬೇಕು."

ಅತ್ತೆ ನನ್ನನ್ನು ನೋಡಿದರು. ಅತ್ತೆಗೂ ನನಗೂ ಮೊದಲ ಬಾರಿಗೆ ಒಮ್ಮತ ಮೂಡಿದ್ದು ಆಗಲೇ.

ಕುದುರೆಯ ಹಿಂದೆ ನಾಲ್ಕು ಗೋಣಿಚೀಲ ಬಂದಿದ್ದವು. ಬೀಜದ ಕಾಳೋ ಏನೋ ಅಂದುಕೊಂಡು ಅತ್ತೆ ಆಸೆಯಿಂದ ಒಂದರ ಬಾಯಿ ಬಿಚ್ಚಿದರು. ಒಳಗಿದ್ದದ್ದು ಧೂಳು, ಹೊಟ್ಟು, ಮುರಿದ ಹುಲ್ಲುಕಡ್ಡಿ, ಬಟ್ಟೆಗೆ ಚುಚ್ಚಿಕೊಳ್ಳುವ ಕೂದಲಿನಂಥ ಬೀಜ. ಸಂಸ್ಥಾನದವರು ಕುದುರೆಗಳಿಗೆಂದೇ ಕಾದಿಟ್ಟ ಹುಲ್ಲಿನ ಬಯಲು ಒಂದಿತ್ತು, ಅದಕ್ಕೆ ಕುರಣ ಅನ್ನುತ್ತಿದ್ದರು. ಈಗ ಅದನ್ನು ಮಂದಿ ಉತ್ತು ಹೊಲ ಮಾಡಿಕೊಳ್ಳುತ್ತಿದ್ದರು. ಕುರಣದ ಹುಲ್ಲು ಒಟ್ಟುತ್ತಿದ್ದ ಕೋಣೆಯ ನೆಲವನ್ನು ನನ್ನ ಗಂಡ ಗುಡಿಸಿ, ಆ ಗುಡಿಸಿದ್ದನ್ನು ಚೀಲಕ್ಕೆ ತುಂಬಿ ತಂದಿದ್ದರು.

"ಮಂದಿ ಕಸಾ ಗುಡಿಸಿ ಹೊರಗ ಚೆಲ್ಲತಾರ," ಅಂದರು ಅತ್ತೆ. "ನನ್ನ ಮಗಾ ಗೋಣಿಯೊಳಗ ತುಂಬಿ ಮನಿಗಿ ತಂದಾನ."

ಗಂಡ ಬಿಡಿಸಿ ಹೇಳಿದರು. ಬಾಯಿಸಾಹೇಬರ ಹಲ್ಲು ಸವೆದಿವೆ. ಜೋಳದ ಒಣ ಕಣಿಕೆ ಅವರಿಗೆ ಅಗಿಯಲು ಆಗುವುದಿಲ್ಲ. ಹತ್ತು ಜಾತಿಯ ಮೆತ್ತನೆಯ ಹುಲ್ಲು ಕಲೆತ ಕುರಣದ ಮೇವಾದರೆ ಮಾತ್ರ ತಿನ್ನುತ್ತಾರೆ. ಕುರಣ ಹೋಯಿತು, ಆದ್ದರಿಂದ ಮೋಟಾರು ರಸ್ತೆಯ ಬದಿಯ ನಮ್ಮ ಕೆಂಪು ಮಣ್ಣಿನ ಮಸಾರಿ ಹೊಲದಲ್ಲಿ ಈ ಬೀಜ ಚೆಲ್ಲಿ ಇನ್ನೊಂದು ಕುರಣ ಮಾಡುತ್ತೇನೆ. ಆ ಹೊಲವನ್ನು ಮಾವ ಉತ್ತು ಉತ್ತು ಅದರಲ್ಲಿ ಜೋಳಕ್ಕಿಂತ ಹೆಚ್ಚು ಕಲ್ಲು ಏಳುತ್ತಿದ್ದವು ನಿಜ. ಆದರೂ ಅದು ಹೊಲ. ಬೇಕಂತಲೇ ಹೊಲದಲ್ಲಿ ಹುಲ್ಲು ಬಿತ್ತುವ ಮಾತು ಕೇಳಿ ಅತ್ತೆ ನೀರು ಕೇಳಿದರು. ತಂಬಿಗೆ ಕೊಟ್ಟೆ, ಅದರಲ್ಲಿ ಕುದುರೆ ಕುಡಿದದ್ದು ನೆನಪಾದದ್ದು ಅವರು ಕುಡಿದ ಮೇಲೆ.

ಆ ವರ್ಷದ ಬಿತ್ತನೆ ನೋಡಲು ಊರಿನ ಅರ್ಧ ಮಂದಿ ರಸ್ತೆಯ ಮೇಲೆ ನಿಂತಿದ್ದರು. ಗಂಡ ಮೊದಲು ಕೂರಿಗೆ ಹೂಡಿದರು. ಆ ಕೂದಲು ಬೀಜ ಕೂರಿಗೆಯ ಬಿದಿರಿನ ಕೊಳವೆಯಲ್ಲಿ ಇಳಿಯಲೇ ಇಲ್ಲ. ಊದಿದರು, ಕಡ್ಡಿ ಹಾಕಿ ಚುಚ್ಚಿದರು, ಬೈದರು. ಕೊನೆಗೆ ಕೈಯಲ್ಲಿ ತೂರಿದರು. ಕಪ್ಪತ್ತಗುಡ್ಡದ ಕಡೆಯಿಂದ ಗಾಳಿ ಬೀಸಿ ಅರ್ಧ ಬೀಜ ಅವರ ಮೀಸೆ, ರುಮಾಲು, ಧೋತರಕ್ಕೇ ಬಿತ್ತನೆಯಾಯಿತು. ಮನೆಗೆ ಬಂದು ಧೋತರ ಕಳಚಿದರೆ ಅದು ತಾನೇ ನೆಟ್ಟಗೆ ನಿಂತಿತ್ತು. ಮರುದಿನ ಬೀಜಕ್ಕೆ ಮಣ್ಣು ಬೂದಿ ಕಲಸಿ, ಉಂಡೆ ಕಟ್ಟಿ ಎಸೆದರು. ಆಮೇಲೆ ಬೀಜ ನೆಲಕ್ಕೆ ಕೂಡಲಿ ಅಂತ ಕುದುರೆಯನ್ನು ಹೊಲದ ತುಂಬ ನಡೆಸಿದರು. ಅಡ್ಡಲಾಗಿ, ಉದ್ದಕ್ಕೆ, ಮತ್ತೆ ಅಡ್ಡಲಾಗಿ. "ಬಲಕ್ಕ ಬರ್ರಿ. ಹಾಂ. ಇಲ್ಲೊಂದೀಟು ತುಳೀರಿ." ರಸ್ತೆಯಲ್ಲಿ ನಿಂತವರು ನಕ್ಕು ನಕ್ಕು ಸುಸ್ತಾದರು. ನನಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನಿಸಿತು.

ಆದರೆ ಮಳೆ ಹಿಡಿದ ಮೇಲೆ ಹುಲ್ಲು ಬಂತು. ಭಾದ್ರಪದದ ಹೊತ್ತಿಗೆ ಮೊಣಕಾಲೆತ್ತರ. ನರಿಯ ಬಾಲದಂಥದೊಂದು, ತುದಿ ಕೆಂಪಗಿನದೊಂದು, ಕೈಯಲ್ಲಿ ತಿಕ್ಕಿದರೆ ನಿಂಬೆಯ ವಾಸನೆ ಬರುವುದೊಂದು. ನಡುನಡುವೆ ನೀಲಿ ಹೂವಿನ ಗಿಡ, ಹಳದಿ ಹೂವಿನ ಬಳ್ಳಿ. ನನ್ನ ಗಂಡನಿಗೆ ಇವುಗಳ ಹೆಸರು ಒಂದೂ ಗೊತ್ತಿರಲಿಲ್ಲ. ಕುದುರೆಯನ್ನು ನೋಡಿ ತಾವೇ ಹೆಸರಿಟ್ಟಿದ್ದರು: 'ಮೊದಲು ತಿನ್ನೂದು', 'ಆಮ್ಯಾಲ ತಿನ್ನೂದು', 'ಮಾರಿ ತಿರುವೂದು', 'ಸೀನೂದು'. ಆ ಹೊಲದಲ್ಲಿ ನಿಂತಾಗ ಅವರ ಮುಖದಲ್ಲಿ ಒಂದು ಕಳೆ ಬರುತ್ತಿತ್ತು. ಲಾಯ ಮುಚ್ಚಿದ ಮೇಲೆ ಕಟ್ಟೆಯ ಮೇಲೆ ಗೋಡೆಗೆ ಒರಗಿ ಸುಮ್ಮನೆ ಕೂರುತ್ತಿದ್ದ ಆ ಮನುಷ್ಯನನ್ನು ಕಂಡು ನನಗೆ ಭಯವಾಗುತ್ತಿತ್ತು. ಹುಲ್ಲಿನ ನಡುವೆ ನಿಂತು ಕುದುರೆಯ ಜೊತೆ ಹರಟುವವರನ್ನು ಕಂಡರೆ ಸಿಟ್ಟು ಬರುತ್ತಿತ್ತು, ಜೊತೆಗೆ ಸಮಾಧಾನವೂ ಆಗುತ್ತಿತ್ತು.

ದಸರೆಗೆ ನನ್ನ ತವರು ಯಳವತ್ತಿಯಿಂದ ಕರೆ ಬಂತು. ಬಾಯಿಸಾಹೇಬರನ್ನು ಒಬ್ಬರನ್ನೇ ಬಿಟ್ಟು ಬರಲಾಗದು ಅಂದರು ಗಂಡ. ಕುದುರೆಯೂ ಹೊರಟಿತು. ಹೋಗಲಿ, ಕುದುರೆ ಏರಿ ತವರಿಗೆ ಹೋಗುವ ಭಾಗ್ಯವಾದರೂ ಸಿಕ್ಕಿತಲ್ಲ ಅಂದುಕೊಂಡೆ. ಏರುವ ಮಾತೇ ಇಲ್ಲ, ಅವರಿಗೆ ವಯಸ್ಸಾಗಿದೆಯಂತೆ! ಕುದುರೆ ಮುಂದೆ ಕೈಬೀಸಿಕೊಂಡು ನಡೆಯಿತು, ನಾವಿಬ್ಬರೂ ಗಂಟು ಹೊತ್ತು ಹಿಂದೆ ನಡೆದೆವು. ನನ್ನ ಅವ್ವ ಬಾಗಿಲಲ್ಲಿ ಆರತಿ ಹಿಡಿದು ನಿಂತವಳು ಯಾರಿಗೆ ಎತ್ತಬೇಕೆಂದು ತಿಳಿಯದೆ ಮೂವರಿಗೂ ಎತ್ತಿದಳು.

ಬನ್ನಿ ಮುಗಿಸಿ, ನಾಲ್ಕು ದಿನ ಇದ್ದು, ಶೀಗಿ ಹುಣ್ಣಿಮೆಯ ಹಿಂದಿನ ಸಂಜೆ ಊರಿಗೆ ಮರಳಿದೆವು. ಶೀಗಿ ಹುಣ್ಣಿಮೆ ಅಂದರೆ ನಮ್ಮ ಕಡೆ ಹೊಲಕ್ಕೆ ಹೋಗುವ ಹಬ್ಬ. ಬೆಳೆದು ನಿಂತ ಪೈರು ಬಸುರಿ ಅಂತ ತಿಳಿದು, ಊರಿಗೆ ಊರೇ ಬುಟ್ಟಿಯಲ್ಲಿ ಅಡಿಗೆ ಹೊತ್ತು ಹೊಲಕ್ಕೆ ಹೋಗಿ, ಐದು ಕಲ್ಲು ಇಟ್ಟು ಪೂಜೆ ಮಾಡಿ, ಎಡೆಯ ಅಡಿಗೆಯನ್ನು ಹೊಲದ ತುಂಬ ಚರಗ ಚೆಲ್ಲಿ ಉಣ್ಣುವುದು. ನಮ್ಮ ಹೊಲದ ತಿರುವಿಗೆ ಬಂದಾಗ ಓಣಿಯ ಹೆಂಗಸರೆಲ್ಲ ಎದುರಾದರು. ತಲೆಯ ಮೇಲೆ ದೊಡ್ಡ ದೊಡ್ಡ ಹೊರೆ, ಕೈಯಲ್ಲಿ ಕಳೆ ಕೀಳುವ ಕುರ್ಚಿಗೆ, ಮುಖದಲ್ಲಿ ಪುಣ್ಯ ಕಟ್ಟಿಕೊಂಡ ತೃಪ್ತಿ. ಮುಂದಿದ್ದವರು ಎದುರು ಮನೆಯ ದೊಡ್ಡವ್ವ. ಓಣಿಯ ಯಾವ ಕೆಲಸಕ್ಕೂ ಮೊದಲು ಸೆರಗು ಸಿಕ್ಕಿಸುವ ಹೆಂಗಸು.

"ಬಂದ್ರೇನವಾ? ಹೋಗಿ ನೋಡ್ರಿ ನಿಮ್ಮ ಹೊಲಾ," ಅಂದರು. "ಕನ್ನಡಿ ಮಾಡೇವಿ, ಕನ್ನಡಿ!"

ಹೋಗಿ ನೋಡಿದೆವು. ಒಂದು ಕಡ್ಡಿ ಹುಲ್ಲಿಲ್ಲ. ಕಿತ್ತದ್ದಷ್ಟೇ ಅಲ್ಲ, ಪೊರಕೆ ತಂದು ಗುಡಿಸಿದ್ದರು. ಗುಡಿಸಿದ್ದಷ್ಟೇ ಅಲ್ಲ, ಪೂಜೆಯ ಜಾಗಕ್ಕೆ ಸಗಣಿ ಸಾರಿಸಿ ರಂಗೋಲಿ ಎಳೆದಿದ್ದರು. ಅತ್ತೆ ರಂಗೋಲಿಯ ಪಕ್ಕದಲ್ಲಿ ಸೊಂಟ ಹಿಡಿದುಕೊಂಡು ನಿಂತಿದ್ದರು. ಮಗ ಸೊಸೆ ತವರಿಗೆ ಹೋಗಿದ್ದಾರೆ; ಹೊಲದ ತುಂಬ ಕಸ; ನಾಳೆ ಇಡೀ ಊರು ಈ ದಾರಿಯಲ್ಲಿ ಬರುತ್ತದೆ; ಲಕ್ಷ್ಮಿಯನ್ನು ಕಸದಲ್ಲಿ ಕೂರಿಸುವುದೆಂತು? ದೊಡ್ಡವ್ವನಿಗೆ ಒಂದು ಮಾತು ಹೇಳಿದ್ದರು. ಓಣಿ ಎದ್ದು ಬಂದಿತ್ತು.

ಗಂಡ ಯಾರನ್ನೂ ಬಯ್ಯುವಂತಿಲ್ಲ, ಏಕೆಂದರೆ ಇದು ಮುಯ್ಯಿ. ಒಂದು ದಿನ ಅವರು ಬಂದು ನಮ್ಮ ಹೊಲದಲ್ಲಿ ದುಡಿದರೆ ಇನ್ನೊಂದು ದಿನ ನಾವು ಅವರ ಮನೆಗೆ ಹೋಗಿ ದುಡಿದು ತೀರಿಸಬೇಕು. ತಪ್ಪಿಸಿದರೆ ಓಣಿಯಲ್ಲಿ ಮುಖ ತೋರಿಸುವ ಹಾಗಿಲ್ಲ. ಅಂದರೆ ನನ್ನ ಗಂಡನ ಕುರಣವನ್ನು ಬೇರು ಸಮೇತ ಕಿತ್ತು ಹಾಕಿದ್ದಕ್ಕೆ ಪ್ರತಿಯಾಗಿ ನಾನು ಓಣಿಯ ಒಬ್ಬೊಬ್ಬ ಹೆಂಗಸಿಗೂ ಒಂದೊಂದು ದಿನ ದುಡಿಯಬೇಕಿತ್ತು. ನನಗೆ ಅಳು ಬರಬೇಕಿತ್ತು. ಅದರ ಬದಲು ನಗು ಬಂತು. ತಡೆಯಲಾಗದೆ ರಂಗೋಲಿಯ ಪಕ್ಕ ಕೂತು ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆ. ಅತ್ತೆ ಗಾಬರಿಯಾಗಿ ದೆವ್ವ ಮೆಟ್ಟಿದೆಯೇನೋ ಅಂತ ನನ್ನ ಹಣೆಗೆ ಭಸ್ಮ ಒರೆಸಿದರು.

ಮರುದಿನ ಆ ಕನ್ನಡಿಯಂಥ ಬಯಲಿನಲ್ಲಿ ಐದು ಕಲ್ಲು ಇಟ್ಟು ಪೂಜೆ ಮಾಡಿದೆವು. ಚರಗ ಚೆಲ್ಲಿದ್ದನ್ನೆಲ್ಲ ಕುದುರೆ ಹಿಂದಿನಿಂದ ತಿನ್ನುತ್ತ ಬಂತು. ಹೋಳಿಗೆಗೆ ಹಲ್ಲು ಬೇಕಿಲ್ಲ ನೋಡಿ. ಊಟಕ್ಕೆ ಕೂತಾಗ ಗದಗ-ಬೆಟಗೇರಿಯಿಂದ ಟಾಂಗಾದ ಸಾಹೇಬರು ಬಂದರು. ಟಾಂಗಾ ಓಡಿಸುವ ಮುಸಲ್ಮಾನರು, ಒಳ್ಳೆಯ ಮನುಷ್ಯ. ಅವರಿಗೆ ಹೇಳಿ ಕಳಿಸಿದ್ದೂ ಅತ್ತೆಯೇ.

"ಈ ಕುದರಿ ಒಯ್ದುಬಿಡ್ರಿ ಸಾಬ್ರ," ಅಂದರು ಅತ್ತೆ. "ನಮ್ಮ ಮನ್ಯಾಗ ಇದರ ಹೊಟ್ಟಿ ತುಂಬಸಾಕ ಆಗೂದಿಲ್ಲ."

ಗಂಡ ತುತ್ತು ಎತ್ತಿದ ಕೈಯನ್ನು ಹಾಗೇ ಹಿಡಿದಿದ್ದರು. ಈ ಕುದುರೆ ಹೋದರೆ ಈ ಮನುಷ್ಯ ಮತ್ತೆ ಆ ಗೋಡೆಗೆ ಒರಗಿ ಕೂರುತ್ತಾರೆ, ಈ ಸಲ ಏಳುವುದಿಲ್ಲ ಎಂದು ನನಗೆ ಅನಿಸಿತು. ಆ ಹೊತ್ತಿಗೆ ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ.

"ಅತ್ತಿ, ಹುಲ್ಲ ಕೀಳಿಸಿದವರು ನೀವು," ಅಂದೆ. "ಹುಲ್ಲ ಕಿತ್ತು, ಮ್ಯಾಲೆ ಮೇವಿಲ್ಲ ಅಂದ್ರ ಹೆಂಗ? ಇದು ನ್ಯಾಯೇನ್ರಿ?"

ಅತ್ತೆ ಬಿರುಸು ಹೆಂಗಸು, ಆದರೆ ಅನ್ಯಾಯದವರಲ್ಲ. ಬಹಳ ಹೊತ್ತು ಎಲೆಯ ಮೇಲೆ ಬೆರಳಾಡಿಸಿದರು.

"ಆತು," ಅಂದರು ಕೊನೆಗೆ. "ಇನ್ನ ಎರಡ ಮಳಿಗಾಲ ಬಿಡತೀನಿ. ಅಷ್ಟರಾಗ ಈ ಹೊಲ ಆ ಕುದರಿ ಹೊಟ್ಟಿ ತುಂಬಸಬೇಕು. ಇಲ್ಲಂದ್ರ ಎರಡ ವರ್ಷದ ಮ್ಯಾಲೆ ಶೀಗಿ ಹುಣ್ಣಿವಿಗಿ ಬರ್ರಿ ಸಾಬ್ರ, ಹಗ್ಗಾ ತಗೊಂಡು ಬರ್ರಿ."

"ನನಗೇನ ಗಡಬಡಿ ಇಲ್ರಿ ಅಮ್ಮಾರ," ಅಂದರು ಸಾಹೇಬರು. "ಕುದರಿಗೇ ಇಲ್ಲ ಗಡಬಡಿ, ನನಗ್ಯಾಕ?"

ಕಸ ಕಿತ್ತವರು ಆ ಕಸವನ್ನು ದನಕ್ಕೆ ಹೊತ್ತು ಒಯ್ಯುವುದು ರೂಢಿ. ದೊಡ್ಡವ್ವನ ಕಡೆಯವರೆಲ್ಲ ನಮ್ಮ ಹುಲ್ಲಿನ ಹೊರೆಗಳನ್ನು ಒಯ್ದು, ಒಣಗಲಿ ಅಂತ ತಮ್ಮ ತಮ್ಮ ಮಾಳಿಗೆಯ ಮೇಲೆ ಹರವಿದ್ದರು. ನಮ್ಮ ಕಡೆಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಮೇಲೆ ಚಪ್ಪಟೆಯಾಗಿ ಹಾಳುಮಣ್ಣು ಹಾಸಿ ಬಡಿದಿರುತ್ತಾರೆ. ಕುದುರೆಗೆ ಇದು ಯಾರು ಹೇಳಿದರೋ, ಆ ಚಳಿಗಾಲದಲ್ಲಿ ದಿನಾ ಸಂಜೆ ಅದು ತಾನೇ ಓಣಿಯಲ್ಲಿ ನಡೆದು ಹೋಗಿ ಒಂದೊಂದು ಮನೆಯ ಮುಂದೆ ಕತ್ತು ಎತ್ತಿ ನಿಲ್ಲುತ್ತಿತ್ತು. ಕೂಗುತ್ತಿರಲಿಲ್ಲ, ಕಾಲು ಕೆರೆಯುತ್ತಿರಲಿಲ್ಲ. ಸುಮ್ಮನೆ ಮಾಳಿಗೆ ನೋಡುತ್ತಿತ್ತು. ಹೆಂಗಸರು ಮರ್ಯಾದೆಗೆ ಅಂಜಿ ಒಂದೊಂದು ಹಿಡಿ ಕೆಳಗೆ ಎಸೆಯುತ್ತಿದ್ದರು. "ತಗೊಳ್ರಿ ಬಾಯಿಸಾಹೇಬ್ರ, ನಿಮ್ಮದ ಐತಿ," ಅಂತ ದೊಡ್ಡವ್ವ ಅಂದದ್ದನ್ನು ನಾನು ಕಿವಿಯಾರೆ ಕೇಳಿದೆ.

ಮರುವರ್ಷದ ಮಳೆ ಚೆನ್ನಾಗಿ ಆಯಿತು. ಗಂಡ ದಿನಾ ಹೊಲಕ್ಕೆ ಓಡಿ ಓಡಿ ನೋಡಿದರು. ಹೊಲದಲ್ಲಿ ಬಂದದ್ದು ನೆಗ್ಗಿಲು ಮುಳ್ಳು, ಉತ್ತರಾಣಿ. ಕುದುರೆ ಒಂದು ಸಲ ಮೂಸಿ ಸೀನಿ ಹಿಂದೆ ಬಂತು. ಗಂಡ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಬೆಳಿಗ್ಗೆ ದೊಡ್ಡವ್ವ ನಮ್ಮ ಬಾಗಿಲಿಗೆ ಬಂದು ಕೂಗಾಡತೊಡಗಿದರು.

"ಬಾರವಾ ಇಲ್ಲೆ! ನನ್ನ ಮಾಳಗಿ ಮ್ಯಾಲೆ ನಿನ್ನ ಗಂಡನ ಹೊಲಾ ಹುಟ್ಟೇತಿ ನೋಡ ಬಾ!"

ನಿಚ್ಚಣಿಕೆ ಹತ್ತಿ ನೋಡಿದೆ. ದೊಡ್ಡವ್ವನ ಮಾಳಿಗೆ ಒಂದೇ ಅಲ್ಲ, ಓಣಿಯ ಮಾಳಿಗೆಗಳೆಲ್ಲ ಹಸಿರು. ನರಿಬಾಲ, ಕೆಂಪು ತುದಿ, ನಿಂಬೆ ವಾಸನೆ, ನೀಲಿ ಹೂವು, ಹಳದಿ ಹೂವು, ಎಲ್ಲವೂ ಇದ್ದವು. ಒಣಗಲು ಹಾಕಿದ ಹುಲ್ಲಿನಿಂದ ಉದುರಿದ ಬೀಜ ಆ ಸಪ್ಪೆ ಹಾಳುಮಣ್ಣಿನಲ್ಲಿ ಹೊಲದಲ್ಲಿ ಬಂದದ್ದಕ್ಕಿಂತ ದಟ್ಟವಾಗಿ ಬಂದಿತ್ತು. ಗಾಳಿ ಬೀಸಿದರೆ ನಮ್ಮ ಓಣಿ ತಲೆಯ ಮೇಲೆ ಜಡೆ ಬಿಟ್ಟುಕೊಂಡು ಕೂತ ಹಾಗೆ ಕಾಣುತ್ತಿತ್ತು. ಗಂಡ ಇದನ್ನು ನೋಡಿ ಓಣಿಯ ನಡುವೆ ಕುಣಿದರು. ಗಂಡಸರು ಹಾಗೆ ಕುಣಿಯಬಾರದು, ಅದೂ ಅವರ ಕುಣಿತ ನೋಡಿದ ಮೇಲಂತೂ ಖಂಡಿತ ಕುಣಿಯಬಾರದು.

ಹುಲ್ಲಿನ ಬೇರು ಇಳಿದಲ್ಲಿ ಮಾಳಿಗೆ ಸೋರುತ್ತದೆ. ಒಬ್ಬರ ಹಿಟ್ಟಿನ ಪರಾತಕ್ಕೆ ಸೋರಿತು, ಒಬ್ಬರ ತೊಟ್ಟಿಲಿಗೆ ಸೋರಿತು. ನಮ್ಮದೂ ಓಣಿಯ ಮಾಳಿಗೆಯೇ ತಾನೆ. ಅಕ್ಕಪಕ್ಕದಿಂದ ಹಾರಿ ಬಂದ ಬೀಜ ನಮ್ಮ ಮೇಲೂ ಮೊಳೆತು ಅತ್ತೆಯ ನೆತ್ತಿಯ ಮೇಲೆಯೇ ತೊಟ್ಟಿಕ್ಕಿತು. ಹೆಂಗಸರೆಲ್ಲ ಒಟ್ಟಾಗಿ ಬಂದರು. ನಿಮ್ಮಿಂದ ಬರಬೇಕಾದ ಮುಯ್ಯಿ ಹಾಗೇ ಇದೆ, ನಮ್ಮ ಹೊಲಕ್ಕೆ ಬರುವುದು ಬೇಡ, ಮಾಳಿಗೆಗೆ ಬಂದು ಈ ಕಸ ಕಿತ್ತು ತೀರಿಸಿ ಅಂದರು.

ಗಂಡ ಕೈ ಜೋಡಿಸಿದರು. "ಕೀಳತೇವ್ರಿ, ಖರೆ ಕೀಳತೇವಿ. ಆದ್ರ ಬೀಜಾ ಬಲೀಲಿ. ದಸರಾ ಮಟಾ ತಡೀರಿ."

"ದಸರಾ ಮಟಾ ನಾವು ಬೋಗಾಣಿ ಹಿಡ್ಕೊಂಡು ಕುಂಡ್ರೂದೇನ?" ದೊಡ್ಡವ್ವ ಸೊಂಟದ ಮೇಲೆ ಕೈಯಿಟ್ಟರು. "ನಿಮ್ಮ ಹುಲ್ಲಿಗಿ ಬಸರಿ ಅಂತ ಕುಬಸಾನೂ ಮಾಡಬೇಕೇನ?"

"ಮಾಡಿದ್ರ ಛಲೋ ಆಕ್ಕೈತ್ರಿ," ಅಂದರು ನನ್ನ ಗಂಡ, ಪೂರಾ ಮನಸ್ಸಿನಿಂದ.

ಏನು ಹೇಳಲಿ, ಆ ಹೆಂಗಸರು ನಗಲು ಶುರುಮಾಡಿದರು, ನಕ್ಕ ಮೇಲೆ ಒಪ್ಪಿಕೊಂಡರು. ನಮ್ಮ ಓಣಿಯಲ್ಲಿ ಸಿಟ್ಟು ಬಹಳ ಹೊತ್ತು ಉಳಿಯುವುದಿಲ್ಲ, ಉಳಿದದ್ದು ಸೋರುವುದೊಂದೇ. ದಸರೆಯವರೆಗೂ ಮನೆಮನೆಯಲ್ಲಿ ಟಪ್ ಟಪ್ ಸದ್ದು.

ಬೀಜ ಬಲಿತಿದೆಯೋ ಇಲ್ಲವೋ ನೋಡಲು ಗಂಡ ಬೆಳಿಗ್ಗೆ ಎದ್ದವರೇ ಮಾಳಿಗೆಯಿಂದ ಮಾಳಿಗೆಗೆ ದಾಟತೊಡಗಿದರು. ಒಮ್ಮೆ ದೊಡ್ಡವ್ವನ ಬೆಳಕಿಂಡಿಯಲ್ಲಿ ಬಗ್ಗಿ ನೋಡಿ, ಕೆಳಗೆ ತಲೆಗೆ ನೀರು ಹಾಕಿಕೊಳ್ಳುತ್ತಿದ್ದ ಅವರ ಗಂಡನಿಗೆ "ಶರಣ್ರಿ" ಅಂದರಂತೆ. ದೊಡ್ಡ ಗಲಾಟೆಯಾಯಿತು. ಅಂದಿನಿಂದ ಮಾಳಿಗೆ ಹತ್ತುವ ಕೆಲಸ ನನ್ನದಾಯಿತು. ನಾನು ಮೇಲೆ ಸೆರಗು ಸಿಕ್ಕಿಸಿ ನಡೆಯುವುದು, ಅವರು ಕೆಳಗೆ ಓಣಿಯಲ್ಲಿ ಕುದುರೆಯ ಪಕ್ಕ ನಿಂತು ಕತ್ತು ಎತ್ತಿ ಕೇಳುವುದು.

"ಏ ಇಕಿನ, 'ಮೊದಲು ತಿನ್ನೂದು' ಹಣ್ಣಾಗೇತೇನ?"

"ಹೂಂ."

"'ಸೀನೂದು'?"

"ನನಗೇನ ಗೊತ್ತ? ಸೀನಿ ನ್ವಾಡ್ಲೇನ?"

ನೆಲದ ಮೇಲಿನ ಕೆಲಸವನ್ನೆಲ್ಲ ಮಾಡಿ ಮುಗಿಸಿದವರಂತೆ ನಾವು ಆ ದಸರೆಗೆ ಮಾಳಿಗೆಯ ಕಳೆ ಕಿತ್ತೆವು. ಒಬ್ಬೊಬ್ಬರ ಮನೆಗೂ ಒಂದೊಂದು ದಿನ. ಕಿತ್ತದ್ದನ್ನು ಹೊರೆ ಕಟ್ಟಿ ಕೆಳಗೆ ಬಿಡುವುದು, ಗಂಡ ಹೊತ್ತು ಹೊಲಕ್ಕೆ ಒಯ್ಯುವುದು. ಅಲ್ಲಿ ನೆಗ್ಗಿಲು ಮುಳ್ಳನ್ನೆಲ್ಲ ತೆಗೆದು, ಹುಲ್ಲನ್ನು ಬೀಜ ಸಮೇತ ನೆಲದ ಮೇಲೆ ತೆಳ್ಳಗೆ ಹರವಿದರು. ಹುಲ್ಲು ಒಣಗಿ ಬೀಜ ಉದುರಿದ ಮೇಲೆ ಕುದುರೆ ಒಣ ಹುಲ್ಲನ್ನು ಆರಿಸಿ ತಿನ್ನುತ್ತ ತಾನೇ ತುಳಿಯಿತು. ಸೊಂಟ ನೋವಿನಿಂದ ನಾನು ಕೂಗಿಕೊಂಡ ದಿನ ಗಂಡ ಎಣ್ಣೆ ಕಾಯಿಸಿ ತಂದು ತಿಕ್ಕಿದರು. ಕುದುರೆಗೆ ತಿಕ್ಕುವ ಅದೇ ಎಣ್ಣೆ ಅಂತ ಮರುದಿನ ವಾಸನೆಯಿಂದ ಗೊತ್ತಾಯಿತು. ಆದರೂ ಆ ಎಣ್ಣೆ ತಿಕ್ಕಿದ ಕೈ ಬೆಚ್ಚಗಿತ್ತು, ಅದನ್ನು ಮರೆತಿಲ್ಲ.

ನಮ್ಮ ಸ್ವಂತ ಮಾಳಿಗೆಯದು ಕೊನೆಗೆ ಉಳಿಯಿತು. ಕಾರ್ತಿಕದ ಒಂದು ಬೆಳಿಗ್ಗೆ ಕುದುರೆ ಮೇವು ಬಿಟ್ಟು ನಿಂತಿತ್ತು. ಗಂಡ ಔಷಧಕ್ಕೆ ಮುಂಡರಗಿಗೆ ಹೋಗಿದ್ದರು. ನಾನು ಹಿತ್ತಿಲಿನಿಂದ ಬರುವಾಗ ಅತ್ತೆ ನಿಚ್ಚಣಿಕೆಯಿಂದ ಇಳಿಯುತ್ತಿದ್ದರು. ಮಡಿಲಲ್ಲಿ ಹುಲ್ಲು. 'ಮೊದಲು ತಿನ್ನೂದು' ಒಂದನ್ನೇ ಆರಿಸಿ ಕಿತ್ತಿದ್ದರು. ಕುದುರೆಯ ಮೂತಿಯ ಹತ್ತಿರ ಹಿಡಿದು, "ತಿನ್ನ, ರಂಡೀ, ತಿನ್ನ. ನಿನ್ನ ಕಾಲಾಗ ನನ್ನ ಮಾಳಗೀನೂ ಹೋತು, ನನ್ನ ಮಗಾನೂ ಹೋದ. ನೀನೂ ಸತ್ತು ಹ್ವಾದ್ರ ನಾ ಯಾರನ್ನ ಬೈಲಿ?" ಅಂದರು. ಕುದುರೆ ಬಹುವಚನವಿಲ್ಲದೆಯೂ ತಿಂದಿತು. ನಾನು ಸದ್ದು ಮಾಡದೆ ಹಿತ್ತಿಲಿಗೆ ಮರಳಿ ಹೋದೆ.

ಮೂರನೆಯ ಮಳೆಗಾಲ ಬಂತು. ಗಂಡ ಈ ಸಲ ಯಾವ ಹಬ್ಬಕ್ಕೂ ಊರು ಬಿಡಲಿಲ್ಲ. ಕುರ್ಚಿಗೆ ಹಿಡಿದ ಹೆಂಗಸು ಯಾರೇ ರಸ್ತೆಯಲ್ಲಿ ಹೋದರೂ ಎದ್ದು ನಿಲ್ಲುತ್ತಿದ್ದರು. ದೊಡ್ಡವ್ವ ಬೇಕಂತಲೇ ದಿನಕ್ಕೆ ಎರಡು ಸಲ ಕುರ್ಚಿಗೆ ಹಿಡಿದು ಹೋಗಿ ಬಂದು ಮಾಡಿದರು. ಹುಲ್ಲು ಮೊದಲು ಮೊಣಕಾಲು ಮುಟ್ಟಿತು, ಆಮೇಲೆ ಸೊಂಟ. ನಡುವೆ ಹಕ್ಕಿ ಗೂಡು ಕಟ್ಟಿದವು, ಮೊಲ ಬಂದವು. ಹೊಸ ಹೊಸ ಹೂವಿನ ಗಿಡಗಳೂ ಎದ್ದವು. ಎಲ್ಲಿಂದ ಬಂದವೋ, ಮಾಳಿಗೆಯ ಮಣ್ಣಿನ ಜೊತೆಗೋ ಹಕ್ಕಿಗಳ ಜೊತೆಗೋ. ಕುದುರೆ ಒಳಗೆ ಹೋದರೆ ಬೆನ್ನು ಮಾತ್ರ ಕಾಣುತ್ತಿತ್ತು. ಇಷ್ಟಾದರೂ ಅತ್ತೆ ಒಂದು ಮಾತು ಆಡಲಿಲ್ಲ.

ಶೀಗಿ ಹುಣ್ಣಿಮೆಯ ದಿನ ಸಾಹೇಬರು ಮಾತಿಗೆ ಸರಿಯಾಗಿ ಟಾಂಗಾ ಹೊಡೆದುಕೊಂಡು ಬಂದರು. ಹೆಗಲ ಮೇಲೆ ಹೊಸ ಹಗ್ಗ. ರಸ್ತೆಯ ಬದಿಗೆ ಟಾಂಗಾ ನಿಲ್ಲಿಸಿ ಹೊಲ ನೋಡಿದವರು ಹುಬ್ಬು ಏರಿಸಿದರು. ಓಣಿಯ ಹೆಂಗಸರೆಲ್ಲ ತಮ್ಮ ಬುಟ್ಟಿಗಳನ್ನು ತಮ್ಮ ಹೊಲಕ್ಕೆ ಒಯ್ಯುವುದು ಬಿಟ್ಟು ನಮ್ಮ ಬದುವಿನ ಮೇಲೆ ಇಳಿಸಿದ್ದರು. ಅವರ ಮಾಳಿಗೆಯ ಹುಲ್ಲು ಅದು, ಏನಾಗುತ್ತದೆ ಅಂತ ನೋಡುವ ಹಕ್ಕು ಅವರಿಗಿತ್ತು. ಗಂಡ ಕುದುರೆಯ ಕೊರಳಿಗೆ ಕೈ ಹಾಕಿ ನಿಂತಿದ್ದರು.

ಅತ್ತೆ ಐದು ಕಲ್ಲುಗಳನ್ನು ಉಡಿಯಲ್ಲಿ ಹಾಕಿಕೊಂಡು ಪೂಜೆಗೆ ಜಾಗ ಹುಡುಕುತ್ತ ಹುಲ್ಲಿನೊಳಗೆ ನಡೆದರು. ನಡುವೆ ಒಂದು ಕಡೆ ನಿಂತರು. ಅಲ್ಲಿ ಹುಲ್ಲಿನ ಮೇಲೆ ತಲೆ ಎತ್ತಿ ಒಂದು ಜೋಳದ ದಂಟು ನಿಂತಿತ್ತು. ಹಕ್ಕಿಯ ಬಾಯಿಂದ ಬಿದ್ದ ಕಾಳೋ, ಹಳೆಯ ಚರಗದ ಕಾಳೋ, ಚೆಂದದ ತೆನೆ ಬಿಟ್ಟಿತ್ತು. ಹೊಲದಲ್ಲಿ ಜೋಳ! ದೊಡ್ಡವ್ವ ಬದುವಿನಿಂದಲೇ ಕೈ ಮುಗಿದು, "ಲಕ್ಷ್ಮಿ ಬಂದಾಳ ನೋಡವಾ! ಅಲ್ಲೇ ಪೂಜಿ ಮಾಡು!" ಅಂತ ಕೂಗಿದರು.

ಅತ್ತೆ ಬಗ್ಗಿದರು. ಎರಡೂ ಕೈಯಿಂದ ಜೋಳದ ದಂಟಿನ ಬುಡ ಹಿಡಿದು, ಎಳೆದು, ಬೇರು ಸಮೇತ ಕಿತ್ತರು. ಬೇರಿನ ಮಣ್ಣನ್ನು ಎಂದಿನಂತೆ ಮಣಿಕಟ್ಟಿಗೆ ಬಡಿದು ಉದುರಿಸಿದರು. ರಸ್ತೆಯವರೆಗೆ ನಡೆದು ಬಂದು ಆ ದಂಟನ್ನು ತೆನೆ ಸಮೇತ ಸಾಹೇಬರ ಕೈಗೆ ಕೊಟ್ಟರು.

"ನಮ್ಮ ಹೊಲದಾಗ ಒಂದೀಟು ಕಸಾ ಬಿದ್ದಿತ್ತ್ರಿ ಸಾಬ್ರ," ಅಂದರು. "ನಿಮ್ಮ ಟಾಂಗಾದ ಕುದರಿಗಿ ಹಾಕ್ರಿ. ಇದರ ಹೊರತು ಇಲ್ಲೆ ನಿಮಗ ಒಯ್ಯಾಕ ಮತ್ತೇನೂ ಇಲ್ಲ. ಕೈ ತೊಳಕೊಳ್ರಿ, ಉಣ್ಣಾಕ ಕುಂಡ್ರಿ."